ಪಾಲಿಶ್‌ಗೆ ಹೋದ ಗುಂಡಿಗಳು

ನಮ್ಮ ಮನೆಯ ಕಾರಿಗೆ ನಾನು ಇಟ್ಟಿರುವ ಹೆಸರು ದೊಡ್ಡವರು. ವಯಸ್ಸಿನಲ್ಲಿ ನನ್ನ ಗಂಡನಿಗಿಂತ ಚಿಕ್ಕದೇ, ಆದರೆ ಅದಕ್ಕೆ ಸಿಗುವ ಮರ್ಯಾದೆ ಈ ಮನೆಯಲ್ಲಿ ನನ್ನ ಮಾವನವರಿಗೂ ಸಿಕ್ಕಿರಲಿಲ್ಲ. ನಮ್ಮ ಮಲಗುವ ಕೋಣೆ ಸೋರಿದರೆ ಬಕೆಟ್ ಇಡುತ್ತೇವೆ; ಶೆಡ್ಡು ಸೋರಿದರೆ ಅದೇ ದಿನ ಕೆಲಸದವರು ಬರುತ್ತಾರೆ. "ದೊಡ್ಡವರ ಸ್ನಾನ ಆಯ್ತಾ? ಇನ್ನು ನೀವು ಹೋಗಬಹುದಾ?" ಎಂದು ನಾನು ಕೇಳಿದರೆ ಇವರು ಬೇಜಾರು ಮಾಡಿಕೊಳ್ಳುವುದಿಲ್ಲ. ಹೊಗಳಿದಳು ಎಂದೇ ತಿಳಿಯುತ್ತಾರೆ.

ಹನ್ನೆರಡು ಸಿಲಿಂಡರಿನ, ನಾಲ್ಕು ಬಾಗಿಲಿನ, ಓಣಿಯಲ್ಲಿ ತಿರುಗಿಸಲು ಅರ್ಧ ಬೀದಿಯೇ ಬಂದು ಕೈಸನ್ನೆ ಮಾಡಬೇಕಾದಂಥ ಕಾರು. ಮೊದಲು ಯಾವುದೋ ಗಿರಣಿಯ ಮಾಲೀಕರದಾಗಿತ್ತಂತೆ. ಒಳಗೆಲ್ಲ ಹೊಳೆಯುವ ಮರದ ಪಟ್ಟಿ, ದಪ್ಪ ಚರ್ಮದ ಸೀಟು, ಎರಡು ಪದರದ ಗಾಜು. ನಿವೃತ್ತಿಯಾದ ವರ್ಷ ಇವರು ಅದನ್ನು ಮನೆಗೆ ತಂದಾಗ ನನ್ನ ತಂಗಿ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಎದುರಿಗೇ ಅಂದಳು. ನಾನೂ ತಲೆಯಾಡಿಸಿದೆ. ಆದರೆ ಸುಳ್ಳು ಹೇಳಬಾರದು. ಊರ ಹೊರಗಿನ ಏರುರಸ್ತೆಯಲ್ಲಿ ಇವರು ಮೊದಲ ಸಲ ಆಕ್ಸಿಲರೇಟರ್ ಒತ್ತಿದಾಗ, ಸದ್ದೇ ಇಲ್ಲದೆ ಯಾರೋ ಬೆನ್ನಿಗೆ ಕೈಕೊಟ್ಟು ಮೇಲೆತ್ತಿದ ಹಾಗಾಯಿತು. ನಾನು ಹುಡುಗಿಯ ಹಾಗೆ ಕಿರುಚಿ ನಕ್ಕಿದ್ದೆ. ಇವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ಆ ನೋಟಕ್ಕೋಸ್ಕರವೇ ಆಮೇಲೆ ಎಷ್ಟೋ ಭಾನುವಾರ ಹೋಗಿ ಹಿಂದಿನ ಸೀಟಿನಲ್ಲಿ ಕೂತಿದ್ದೇನೆ. ಇಂಥ ಕಾರಿನಲ್ಲಿ ಯಜಮಾನಿ ಹಿಂದೆಯೇ ಕೂರಬೇಕು ಎಂಬುದು ಇವರ ನಿಯಮ.

ಇವರು ಲಿಫ್ಟ್ ಕಂಪನಿಯಲ್ಲಿ ಮೆಕ್ಯಾನಿಕ್ ಆಗಿದ್ದವರು. ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಬಿಡಿಸುವುದರಲ್ಲಿ ಎತ್ತಿದ ಕೈ. ಹಬೆಯಾಡುವ ಊಟ ಬಿಟ್ಟು ಎದ್ದುಹೋಗಿ ಯಾರ್‍ಯಾರನ್ನೋ ಹೊರಗೆ ತಂದಿದ್ದಾರೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಆಗೆಲ್ಲ ನಾನು ಗೊಣಗುತ್ತಿದ್ದೆ.

ಇದು ನಡೆದದ್ದು ಒಂದು ಶನಿವಾರ. ಮರುದಿನ ಹಳೆ ಕಾರುಗಳ ಪ್ರದರ್ಶನವಿತ್ತು. ಕಾರಿನ ಕಿಟಕಿಯಂಚಿನಲ್ಲಿ, ಲಾಕ್ ಮಾಡಿದರೆ ಕೆಳಗಿಳಿದು ತೆಗೆದರೆ ಮೇಲೇಳುವ ಪುಟ್ಟ ಗುಂಡಿಗಳಿರುತ್ತವಲ್ಲ, ಅವುಗಳ ಹೊಳಪು ಮಾಸಿದೆ ಎಂದು ಇವರು ನಾಲ್ಕನ್ನೂ ತಿರುಗಿಸಿ ಬಿಚ್ಚಿ ಪಾಲಿಶ್ ಅಂಗಡಿಗೆ ಕೊಟ್ಟುಬಂದಿದ್ದರು. ಗುಂಡಿ ಇದ್ದ ಕಡೆ ತೆಳ್ಳಗಿನ ಕಡ್ಡಿ ಮಾತ್ರ ನಿಂತಿತ್ತು. ಸೀಟಿಗೆ ಹೊಸದಾಗಿ ಏನೋ ಬಳಿದು ಉಜ್ಜಿದ್ದರು. ಅದರ ವಾಸನೆ ಶೆಡ್ಡಿನ ಬಾಗಿಲಿಗೇ ಬಂದು ಮೂಗು ಹಿಡಿಯುತ್ತಿತ್ತು.

"ಬಾ, ಒಂದು ಸದ್ದು ಕೇಳಿಸ್ತೀನಿ," ಎಂದರು. ನಾನು ಬಟ್ಟೆ ಮಡಚುತ್ತಿದ್ದೆ.

"ಇಲ್ಲಿಂದ್ಲೇ ಕೇಳ್ತೀನಿ ಬಿಡ್ರಿ."

"ಒಳಗೆ ಕೂತ್ರೇ ಅದರ ಗಮ್ಮತ್ತು. ಎರಡು ನಿಮಿಷ ಬಾರೆ."

ಧೂಳು ಬರದಿರಲೆಂದು ಶಟರ್ ಎಳೆದಿದ್ದರು. ಕಾರಿನ ಎಡಗಡೆ ಗೋಡೆ, ಆ ಬಾಗಿಲುಗಳನ್ನು ಅಲ್ಲಿ ತೆರೆಯಲಾಗದು. ಬಲಗಡೆಯಿಂದ ಹತ್ತಿ ನಾನು ಹಿಂದೆ ಕೂತೆ, ಇವರು ನನ್ನ ಮುಂದೆ. ಇವರ ಫೋನು ಎದುರಿನ ಬೆಂಚಿನ ಮೇಲೆ ಉಳಿಯಿತು, ನನ್ನದು ಮಹಡಿಯಲ್ಲಿ. ದೊಡ್ಡವರ ಹೊಟ್ಟೆಯೊಳಗೆ ಫೋನು ತರುವ ಹಾಗಿಲ್ಲ. ಇವರು ಪೆನ್ನಿನ ತುದಿಯಿಂದ ತಮ್ಮ ಬಾಗಿಲಿನ ಕಡ್ಡಿಯನ್ನು ಒತ್ತಿದರು. ಥಪ್. ನಾಲ್ಕೂ ಕಡ್ಡಿಗಳು ಒಟ್ಟಿಗೇ ತೂತಿನೊಳಗೆ ಇಳಿದವು.

"ಹೆಂಗೆ?" ಎಂದರು.

"ಚೆನ್ನಾಗಿದೆ. ತೆಗೀರಿ, ಹೋಗ್ತೀನಿ."

ಆ ತೂತಿನ ಕಡೆ ಇವರ ಕತ್ತು ನಿಧಾನವಾಗಿ ಬಗ್ಗಿತು. ಒತ್ತುವುದಕ್ಕೆ ಪೆನ್ನು ಸಾಕು, ಮೇಲೆಳೆಯುವುದಕ್ಕೆ ಗುಂಡಿ ಬೇಕು. ಅದು ಮೇಲೇಳದೆ ಒಳಗಿನ ಹಿಡಿಕೆ ಕೆಲಸ ಮಾಡುವುದಿಲ್ಲ. ಕಿಟಕಿ ಇಳಿಸೋಣವೆಂದು ಕೀಲಿ ತಿರುಗಿಸಿದರು. ಕಟ್ ಎಂದು ಸುಮ್ಮನಾಯಿತು. ಉಜ್ಜುವಾಗ ಒಳಗಿನ ದೀಪಗಳನ್ನು ಉರಿಯಲು ಬಿಟ್ಟಿದ್ದರು, ಬ್ಯಾಟರಿ ಪೂರ್ತಿ ಇಳಿದಿತ್ತು. ಹಾರ್ನ್ ಒತ್ತಿದರೆ ಅದೂ ಮೂಕ. ಗಾಳಿಯ ಒತ್ತಡದಿಂದ ಓಡುವ ಲಾಕಿಗೆ ಮಾತ್ರ ಬ್ಯಾಟರಿ ಬೇಕಿರಲಿಲ್ಲ.

"ಮಾಡಿದ್ದುಣ್ಣೋ ಮಹಾರಾಯ," ಎಂದೆ. ಆಗಿನ್ನೂ ನಗುತ್ತಿದ್ದೆ.

ಕೂಗಿದೆವು, ಗಾಜು ಬಡಿದೆವು. ಹೊರಗಿನ ಒಂದು ಹುಳದ ಸದ್ದೂ ಒಳಗೆ ಬರುವುದಿಲ್ಲ ಎಂದು ಇವರು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದ ಗಾಜದು. ಒಳಗಿನದೂ ಹೊರಗೆ ಹೋಗುವುದಿಲ್ಲ ಎಂದು ನಮಗೆ ಹೊಳೆದಿರಲಿಲ್ಲ. ಬೆಂಚಿನ ಮೇಲೆ ಫೋನು ಬೆಳಗಿತು. ಯಾರೋ ಕರೆಯುತ್ತಿದ್ದರು. ಅದು ಬೆಳಗಿ ಆರುವುದನ್ನು ಇಬ್ಬರೂ ನೋಡುತ್ತ ಕೂತೆವು.

ತಗಡಿನ ಸೂರಿಗೆ ಬಿಸಿಲೇರಿತು. ಸೀಟಿನ ವಾಸನೆ ಗಂಟಲಿಗೆ ಇಳಿಯತೊಡಗಿತು. ನನಗೆ ಹಳೆಯ ಉಬ್ಬಸ. ಎದೆಯೊಳಗೆ ಸಣ್ಣಗೆ ಸೀಟಿ ಶುರುವಾದಾಗ ನಗು ನಿಂತುಹೋಯಿತು. ಉಸಿರಿಗೆ ಎಳೆದುಕೊಳ್ಳುವ ನನ್ನ ಪಂಪು ಅಡುಗೆಮನೆಯ ಕಿಟಕಿಯ ಹತ್ತಿರ ಇತ್ತು.

"ಗಾಬರಿ ಆಗಬೇಡಿ. ನಿಧಾನವಾಗಿ ಉಸಿರಾಡಿ. ಸಹಾಯ ಬರ್ತಾ ಇದೆ," ಎಂದರು ಇವರು. ಲಿಫ್ಟಿನ ಬಾಗಿಲ ಹೊರಗೆ ನಿಂತು ಅಷ್ಟು ವರ್ಷ ಹೇಳಿದ ಮಾತು ಅದೇ ದನಿಯಲ್ಲಿ ಬಂತು. ನನ್ನನ್ನು ನೀವು ತಾವು ಎಂದು ಮಾತಾಡಿಸಿದ್ದು ಅದೇ ಮೊದಲು.

"ಯಾರ್ರೀ... ಬರೋದು? ನೀವೂ... ಒಳಗೇ ಇದೀರಲ್ಲ."

ನನ್ನ ಹೇರ್‌ಪಿನ್ ತೆಗೆದು ಕೊಟ್ಟೆ. ಆ ತೂತಿನಲ್ಲಿ ತೂರಿಸಿ ಕಡ್ಡಿಯನ್ನು ಎತ್ತಲು ನೋಡಿದರು. ಪಿನ್ನು ಮರಕ್ಕೆ ಗೀರದಿರಲೆಂದು ಅದರಡಿಯಲ್ಲಿ ಕರವಸ್ತ್ರ ಹಾಸಿಕೊಂಡಿದ್ದರು. ಪಿನ್ನು ಬಗ್ಗಿತು, ಕಡ್ಡಿ ಅಲುಗಲಿಲ್ಲ.

ಸೀಟಿನ ತಲೆದಿಂಬನ್ನು ಕಿತ್ತು ಅದರ ಉಕ್ಕಿನ ಕಾಲುಗಳಿಂದ ಗಾಜು ಒಡೆಯಬಹುದು ಎಂದು ನನಗೆ ಹೇಳಿಕೊಟ್ಟವರು ಇವರೇ. ನಾನು ತಲೆದಿಂಬಿನ ಕಡೆ ಕೈ ತೋರಿಸಿದೆ. ಇವರು ಅದನ್ನು ಕಿತ್ತರು. ಕಿತ್ತು, ಕೈಯಲ್ಲಿ ಹಿಡಿದುಕೊಂಡು ಕೂತರು.

"ಎಡಗಡೆ ಗಾಜು ಎಲ್ಲಾದ್ರೂ ಹುಡುಕಿದ್ರೆ ಸಿಗಬಹುದು. ಆದ್ರೆ ಅಲ್ಲಿ ಗೋಡೆ. ಮುಂದಿನ ದೊಡ್ಡ ಗಾಜು ಒಡೆಯಲ್ಲ. ಈ ಬಲಗಡೆದು... ಇದು ಈಗ ಎಲ್ಲೂ ಸಿಗಲ್ಲ ಕಣೆ. ತಯಾರಿಸೋದೇ ನಿಲ್ಸಿದಾರೆ."

"ನಾನು... ಸಿಗ್ತೀನಾ?"

ಇವರು ನನ್ನನ್ನು ನೋಡಿದರು. ಕಣ್ಣಲ್ಲಿ ನೀರಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆಮೇಲೆ ಮತ್ತೆ ಗಾಜಿನ ಕಡೆ ನೋಡಿದರು. "ಇನ್ನೊಂದು ನಿಮಿಷ ತಡ್ಕೋ, ಅಷ್ಟರಲ್ಲಿ ಯಾರಾದ್ರೂ..." ಎಂದರು.

ಆ ಎರಡನೇ ನೋಟ ನನಗೆ ಸಾಕಾಯಿತು. ಇಷ್ಟು ವರ್ಷ ಜೊತೆಗೆ ಬಾಳಿದ್ದು ಅದೊಂದು ನೋಟದಲ್ಲಿ ನನಗೆ ಅರ್ಥವಾಗಿಹೋಯಿತು, ಅರ್ಥವಾದದ್ದು ಬೇಡವಾಗಿತ್ತು. ತಲೆದಿಂಬನ್ನು ಇವರ ಕೈಯಿಂದ ಕಿತ್ತುಕೊಂಡು ನನ್ನ ಪಕ್ಕದ ಗಾಜಿನ ಮೂಲೆಗೆ ಹೊಡೆದೆ. ಒಂದು ಪದರ ಹೋಯಿತು. ಮತ್ತೆ ಹೊಡೆದೆ. ಎರಡನೆಯದು ಒಡೆದಾಗ ಬೀದಿಯ ಸದ್ದೆಲ್ಲ ಒಟ್ಟಿಗೆ ಒಳಗೆ ನುಗ್ಗಿತು. ಎಲ್ಲೋ ನಾಯಿ, ಎಲ್ಲೋ ಮಿಕ್ಸಿ, ಯಾರದೋ ಮಗು ಅಳುತ್ತಿದ್ದದ್ದು. ನನ್ನ ಅಂಗೈಯಿಂದ ರಕ್ತ ಹರಿಯುತ್ತಿತ್ತು.

ಆಮೇಲೆ ಇವರು ಚುರುಕಾದರು. ಹಿಂದಕ್ಕೆ ಬಾಗಿ, ಒಡೆದ ಕಿಟಕಿಯಿಂದ ಕೈ ಹೊರಗೆ ಹಾಕಿ, ಮುಂದಿನ ಬಾಗಿಲಿಗೆ ಹೊರಗಿನಿಂದ ಕೀಲಿ ತಿರುಗಿಸಿದರು. ನಾಲ್ಕೂ ಬಾಗಿಲು ಬಿಟ್ಟವು. ಬರಿಗಾಲಲ್ಲಿ ಮೆಟ್ಟಿಲು ಹತ್ತಿ ಓಡಿ ಪಂಪು ತಂದರು, ಬೆನ್ನು ನೀವಿದರು, ಅಂಗೈಗೆ ಪಟ್ಟಿ ಕಟ್ಟಿದರು. ನಾನು ಮಹಡಿಯಲ್ಲಿ ಮಲಗಿ ಉಸಿರು ಹಿಡಿತಕ್ಕೆ ತಂದುಕೊಳ್ಳುತ್ತಿದ್ದಾಗ ಕೆಳಗಿನಿಂದ ಚಿಲ್ ಚಿಲ್ ಎಂದು ಸದ್ದು ಬರುತ್ತಿತ್ತು. ಇವರು ಗಾಜಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕುತ್ತಿದ್ದರು.

ಮರುದಿನ ನಾನು ಬರುವುದಿಲ್ಲ ಎಂದೆ. "ನೀನಿಲ್ದೆ ಹೋದ್ರೆ ಜನ ಏನಂದ್ಕೋತಾರೆ?" ಎಂದರು. ನನಗೆ ಬಿಸಿ ತುಪ್ಪ ಬಾಯಲ್ಲಿಟ್ಟ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೋದೆ. ಬ್ಯಾಟರಿ ಚಾರ್ಜ್ ಆಗಿತ್ತು, ಪಾಲಿಶ್ ಆದ ಗುಂಡಿಗಳು ವಾಪಸು ಬಂದು ಥಳಥಳ ಹೊಳೆಯುತ್ತಿದ್ದವು. ನನ್ನ ಕಡೆಯ ಕಿಟಕಿ ಮಾತ್ರ ಬೋಳು.

ಪ್ರದರ್ಶನದಲ್ಲಿ ದೊಡ್ಡವರ ಸುತ್ತ ಜನ ಮುತ್ತಿಕೊಂಡರು. ಅಯ್ಯೋ, ಗಾಜೇನಾಯ್ತು ಎಂದು ಎಲ್ಲರ ಬಾಯಲ್ಲೂ ಅದೇ. ಇವರು ಶುರುಮಾಡಿದರು. ಲಾಕ್ ಬಿದ್ದದ್ದು, ಬ್ಯಾಟರಿ ಇಳಿದದ್ದು, ನನ್ನ ಉಸಿರು ಕಟ್ಟಿದ್ದು, ಎಲ್ಲ ಇದ್ದದ್ದು ಇದ್ದ ಹಾಗೇ. ಕೊನೆಗೆ ಬಂದಾಗ ಒಂದು ಗಳಿಗೆ ತಡವರಿಸಿ, "ಹೆಂಡತಿಗಿಂತ ಗಾಜು ದೊಡ್ಡದಾ? ತಲೆದಿಂಬು ಕಿತ್ತೆ, ಹೊಡೆದೆ," ಎಂದರು.

ಒಬ್ಬರು ಚಪ್ಪಾಳೆ ತಟ್ಟಿದರು. ಹಳೆ ಕಾರುಗಳ ಕ್ಲಬ್ಬಿನ ಅಧ್ಯಕ್ಷರು ಗದ್ಗದಿತರಾಗಿ ನನ್ನ ಕಡೆ ತಿರುಗಿ, "ಪುಣ್ಯ ಮಾಡಿದ್ರಿ ಅತ್ತಿಗೆ. ನಾನಾಗಿದ್ರೆ ಒಂದು ಸಲ ಯೋಚ್ನೆ ಮಾಡ್ತಿದ್ದೆ, ನಿಜ ಹೇಳ್ತೀನಿ," ಎಂದರು. ಎಲ್ಲರೂ ನಕ್ಕರು. ಎಲ್ಲರ ಹಿಂದೆ ಇವರು ನನ್ನನ್ನೇ ನೋಡುತ್ತ ನಿಂತಿದ್ದರು. ಅಂತಸ್ತುಗಳ ನಡುವೆ ನಿಂತ ಲಿಫ್ಟಿನಲ್ಲಿರುವವರ ಮುಖ ಹೇಗಿರುತ್ತದೆ ಎಂದು ನನಗೆ ಆಗ ಗೊತ್ತಾಯಿತು.

ಪಟ್ಟಿ ಕಟ್ಟಿದ ಕೈಯನ್ನು ಬ್ಯಾಗಿನ ಹಿಂದೆ ಸರಿಸಿದೆ. "ಹೌದು, ಅವರೇ ಒಡೆದದ್ದು," ಎಂದೆ.

ಮನೆಗೆ ಹೊರಟಾಗ ಇವರು ಹಿಂದಿನ ಬಾಗಿಲು ಹಿಡಿದು ನನ್ನನ್ನು ಕೂರಿಸಿದರು. ಮುಂದೆ ಕೂತು, ಅಭ್ಯಾಸಬಲದಿಂದ ಗುಂಡಿ ಒತ್ತಿದರು. ಥಪ್. ಗಾಜೇ ಇಲ್ಲದ ಬಾಗಿಲಿಗೆ ಲಾಕು. ನಾನು ಪಟ್ಟಿಯ ಕೈಯಿಂದ ನನ್ನ ಕಡೆಯ ಗುಂಡಿಯನ್ನು ಮೇಲೆಳೆದೆ. ಇವರು ಕನ್ನಡಿಯಲ್ಲಿ ನೋಡಿದರು. ಮುಂದಿನ ತಿರುವಿನಲ್ಲಿ ತಮ್ಮ ಗುಂಡಿಯನ್ನು ಎತ್ತಿ ಮತ್ತೆ ಒತ್ತಿದರು. ನಾನು ಮತ್ತೆ ಎಳೆದೆ. ಏರುರಸ್ತೆಯಲ್ಲೂ ಹಾಗೇ ಆಯಿತು. ಕಾರು ಅದೇ ಹಳೆಯ ಬಲದಿಂದ ಮೇಲೇರುತ್ತಿತ್ತು, ಗಾಳಿ ನನ್ನ ಮುಖಕ್ಕೆ ರಾಚುತ್ತಿತ್ತು.

ನಮ್ಮ ಬೀದಿಗೆ ತಿರುಗುವಾಗ ಇವರು ಒತ್ತಲಿಲ್ಲ. ಆದರೂ ನಾನು ಗುಂಡಿಯ ಮೇಲಿನ ಬೆರಳನ್ನು ತೆಗೆಯಲಿಲ್ಲ.