ಹೊಗೆ ಹಿಡಿದ ಪುಸ್ತಕಗಳು

ನಾನು ಓದಿದ್ದು ಎರಡನೇ ಕ್ಲಾಸು. ಆಮೇಲೆ ತಮ್ಮನನ್ನು ಎತ್ತಿಕೊಳ್ಳುವ ಕೆಲಸ ಬಂತು, ಶಾಲೆ ಅಲ್ಲಿಗೇ ಮುಗಿಯಿತು. ಅಕ್ಷರ ಮಾತ್ರ ಮರೆಯಲಿಲ್ಲ. ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಮದುವೆ ಕಾಗದ, ಇಷ್ಟೇ ಓದಿಕೊಂಡು ಮುದುಕಿಯಾದೆ. ಪಕ್ಕದ ಮನೆ ಕನ್ನಮ್ಮನ ಮಗಳು ವಿನಯಾ ಊರಿನ ಗ್ರಂಥಾಲಯದ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ನನ್ನನ್ನು ಕರೆದು ಕೂರಿಸಿ ಒಂದು ಕತೆ ಪುಸ್ತಕ ಕೊಟ್ಟಳು. ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ಓದಿದೆ. ಅದು ಮುಗಿಯುವಷ್ಟರಲ್ಲಿ ಗದ್ದೆ ಕೊಯ್ಲಾಗಿತ್ತು.

ಆಮೇಲೆ ದಿನಾ ಮಧ್ಯಾಹ್ನ ಹೋಗಿ ಕೂರುವುದು ರೂಢಿಯಾಯಿತು. ಅದರಿಂದ ಏನು ಸಿಕ್ಕಿತು ಅಂದರೆ ಹೇಳಬಲ್ಲೆ. ನನ್ನ ಗಂಡ ಇದ್ದಾಗ ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ಉಣ್ಣುವ ತಟ್ಟೆಯನ್ನು ಅರ್ಧಕ್ಕೆ ಸರಿಸಿ ಎದ್ದುಹೋಗುತ್ತಿದ್ದರು. ಎಷ್ಟೋ ದಿನ ಮಾತಿಲ್ಲ. ತಪ್ಪು ನನ್ನದೇ ಇರಬೇಕು ಎಂದುಕೊಂಡೇ ಬದುಕು ಕಳೆದಿದ್ದೆ. ಒಂದು ಕತೆಯಲ್ಲಿ ನನ್ನಂಥ ಹೆಂಗಸೊಬ್ಬಳು ಬಂದಳು. ಬಯಲುಸೀಮೆಯವಳು, ನಮ್ಮ ಜಾತಿಯಲ್ಲ, ನಮ್ಮ ಕಾಲದವಳೂ ಅಲ್ಲ. ಅವಳೂ ಗಂಡ ಸರಿಸಿಹೋದ ತಟ್ಟೆಯನ್ನು ನೋಡುತ್ತಾ ನಿಲ್ಲುತ್ತಿದ್ದಳು. ಅವತ್ತು ಮನೆಗೆ ಬರುವಾಗ ಯಾರೋ ನನ್ನ ಜೊತೆಗೆ ನಡೆದು ಬಂದ ಹಾಗಿತ್ತು.

ಗ್ರಂಥಾಲಯದ ಮಾಡು ಸೋರುತ್ತದೆ. ಆಷಾಢ ಬಂತೆಂದರೆ ಹಿಂದಿನ ಗೋಡೆ ಕೈಯಿಟ್ಟರೆ ಒದ್ದೆ, ಪುಸ್ತಕಗಳಿಗೆಲ್ಲ ಬೂಷ್ಟು. ಪಂಚಾಯಿತಿಗೆ ಹೇಳಿ ಹೇಳಿ ವಿನಯಾಳ ಬಾಯಿ ಸೋತಿತ್ತು. ನಮ್ಮಲ್ಲಿ ಮಳೆಗಾಲಕ್ಕೆ ಕೆಡುವ ವಸ್ತುವಿಗೆಲ್ಲ ಒಂದೇ ಜಾಗ, ಒಲೆಯ ಮೇಲಿನ ಅಟ್ಟ. ಬೀಜದ ಭತ್ತ, ಹಪ್ಪಳ, ಒಣಮೀನು, ಎಲ್ಲ ಅಲ್ಲಿಯೇ. ಹೊಗೆ ತಾಗಿದ್ದಕ್ಕೆ ಹುಳ ಬರುವುದಿಲ್ಲ. ಪುಸ್ತಕಗಳನ್ನೂ ಹಾಗೇ ಉಳಿಸೋಣ ಎಂದೆ. ಅಷ್ಟೊಂದು ಪುಸ್ತಕ ಒಬ್ಬರ ಮನೆಗೆ ಕೊಡುವ ಹಾಗಿಲ್ಲ ಎಂದು ವಿನಯಾ ಹಿಂದೆಮುಂದೆ ನೋಡಿದಳು. ಕೊನೆಗೆ ಒಪ್ಪಿದಳು. ಮಳೆ ಶುರುವಾಗುವಾಗ ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದೆವು, ದೀಪಾವಳಿ ಕಳೆದ ಮೇಲೆ ಒರೆಸಿ ವಾಪಸ್ಸು ಇಡುತ್ತಿದ್ದೆವು.

"ನೋಡ್ರೇ, ನಮ್ಮತ್ತೆ ಪುಸ್ತಕ ಬೇಯಿಸ್ತಾ ಇದಾರೆ. ಸಾರಿಗೆ ಖಾರ ಎಷ್ಟು ಹಾಕ್ಲಿ ಅತ್ತೆ?" ಎಂದು ಸೊಸೆ ಮಹಾಲಕ್ಷ್ಮೀ ನಗಾಡುತ್ತಿದ್ದಳು. ಪುಸ್ತಕಗಳು ಚಹಾದ ಬಣ್ಣಕ್ಕೆ ತಿರುಗಿದವು, ನಿಜ. ಆದರೆ ಒಂದು ಹಾಳೆಯೂ ಕೊಳೆಯಲಿಲ್ಲ.

ಈ ವರ್ಷ ಗ್ರಂಥಾಲಯದಲ್ಲಿ ಓದಿನ ಲಾಭದ ಬಗ್ಗೆ ಒಂದು ಕಾರ್ಯಕ್ರಮ ಮಾಡುವುದು ಎಂದಾಯಿತು. ಹಿಂದಿನ ದಿನ ಹರಿಪ್ರಸಾದ್ ಎಂಬ ಅಧಿಕಾರಿ ಕೋಣೆ ನೋಡಲು ಬಂದರು. ಪಂಚಾಯಿತಿ ಅಧ್ಯಕ್ಷ ಪೂರ್ಣೇಶ್ ಜೊತೆಗಿದ್ದ. ನಾನು ಮೂಲೆಯ ಬೆಂಚಿನಲ್ಲಿದ್ದೆ. ಅಧಿಕಾರಿ ಒಂದು ಪುಸ್ತಕ ತೆಗೆದು ಮೂಗಿನ ಹತ್ತಿರ ಹಿಡಿದರು.

"ಏನ್ರೀ ಇದು, ಮೀನಿನ ವಾಸ್ನೆ?"

"ನಮ್ಮೂರಲ್ಲಿ ಬೆಕ್ಕೂ ಓದುತ್ತೆ ಸಾರ್" ಎಂದ ಪೂರ್ಣೇಶ್. ಇಬ್ಬರೂ ನಕ್ಕರು.

"ಎಲ್ಲಾ ಕಂದು ಬಣ್ಣಕ್ಕೆ ತಿರುಗಿದೆಯಲ್ಲಮ್ಮ. ಬೆಂಕಿಗೇನಾದ್ರೂ ಬಿದ್ದಿತ್ತಾ?"

ವಿನಯಾ ನನ್ನ ಕಡೆ ನೋಡಲಿಲ್ಲ. "ಹಳೇವು ಸಾರ್. ಹಿಂಗೇ ಇದ್ವು" ಎಂದಳು. ಮಾಡು ಸೋರುತ್ತದೆ ಎನ್ನೋಣವೆಂದರೆ ಅಧ್ಯಕ್ಷ ಎದುರಿಗಿದ್ದ. ಮನೆಗೆ ಕೊಟ್ಟೆ ಎನ್ನೋಣವೆಂದರೆ ಅಧಿಕಾರಿ ಎದುರಿಗಿದ್ದರು.

"ಎಲ್ಲಾ ರದ್ದಿಗೆ ಹಾಕಿಸಿ. ಹೇಗೂ ನಾಳೆ ಕಂಪ್ಯೂಟರ್ ಬರ್ತವೆ."

ಅವರು ಹೋದ ಮೇಲೆ ನಾನು ಎದ್ದೆ. "ನಾಳೆ ನಾನೇ ಹೇಳ್ತೀನಿ ಕೂಸೇ. ಹೊಗೆ ಹಿಡಿದಿದ್ದು ಅಷ್ಟೇ, ಕೆಟ್ಟಿಲ್ಲ ಅಂತ."

ವಿನಯಾ ನನ್ನ ಕೈ ಹಿಡಿದುಕೊಂಡಳು. "ಬೇಡ ದೊಡ್ಡಮ್ಮಾ, ನಿಮ್ಮ ದಮ್ಮಯ್ಯ. ಯಾಕೆ ಕೊಟ್ಟೆ ಅಂತ ಕೇಳ್ತಾರೆ. ನನ್ನ ತೆಗೆದುಹಾಕ್ತಾರೆ. ನಮ್ಮನೇಲಿ ದುಡಿಯೋದು ನಾನೊಬ್ಳೇ, ನಿಮಗೆ ಗೊತ್ತಿಲ್ವ?"

ಗೊತ್ತಿತ್ತು. ಕನ್ನಮ್ಮ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಳು.

ಮರುದಿನ ಶಾಮಿಯಾನ ಹಾಕಿದ್ದರು. ಕೋಣೆಯ ಹಿಂದೆ ಪುಸ್ತಕಗಳನ್ನು ಗೊಬ್ಬರದ ಖಾಲಿ ಚೀಲಗಳಿಗೆ ತುಂಬಿ ಬಾಯಿ ಕಟ್ಟಿ ಇಟ್ಟಿದ್ದರು. ಅಧಿಕಾರಿ ಚೆನ್ನಾಗಿ ಮಾತಾಡಿದರು. ದಿನಾ ಓದಿದರೆ ನೆನಪು ಗಟ್ಟಿಯಾಗುತ್ತದೆ, ಮನಸ್ಸು ತಣ್ಣಗಾಗುತ್ತದೆ, ಬೇರೆಯವರ ನೋವು ತಿಳಿಯುತ್ತದೆ ಎಂದರು. ಒಂದು ಮಾತೂ ಸುಳ್ಳಲ್ಲ. ಆಮೇಲೆ ನನ್ನನ್ನು ವೇದಿಕೆಗೆ ಕರೆದು, ಊರಿನ ಮಾದರಿ ಓದುಗರು ಎಂದು ಶಾಲು ಹೊದಿಸಿ ಮೈಕನ್ನು ಬಾಯಿಗೆ ಹಿಡಿದರು.

"ಎರಡು ಮಾತಾಡಿ ಜಲಜಮ್ಮ."

ಮೊದಲಿನ ಜಲಜಮ್ಮನಾಗಿದ್ದರೆ ಮಾತೇ ಇರುತ್ತಿರಲಿಲ್ಲ. ಈಗ ಇದ್ದವು, ಒಂದರ ಹಿಂದೆ ಒಂದು ಬಂದು ನಿಂತಿದ್ದವು. ವಿನಯಾ ಹಣ್ಣಿನ ತಟ್ಟೆ ಹಿಡಿದು ಪಕ್ಕದಲ್ಲೇ ಇದ್ದಳು. ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಅಚ್ಚಾದ ಅಕ್ಷರದಷ್ಟು ಸ್ಪಷ್ಟವಾಗಿ ಕಾಣಿಸಿತು. ಅದನ್ನು ಕಾಣಲು ಕಲಿಸಿದ್ದು ಆ ಚೀಲದೊಳಗಿದ್ದ ಪುಸ್ತಕಗಳೇ.

"ಓದಿದ್ರೆ ಒಳ್ಳೇದು" ಎಂದೆ. ಕೆಳಗಿಳಿದೆ. ಜೋರು ಚಪ್ಪಾಳೆ ಬಿತ್ತು.

ಊಟದ ಹೊತ್ತಿಗೆ ಪೂರ್ಣೇಶ್‌ನ ಹತ್ತಿರ ಹೋದೆ. "ಒಂದು ಚೀಲ ನಂಗೆ ಕೊಡಿಸಪ್ಪ. ಹೇಗೂ ರದ್ದಿಗಲ್ವ."

"ಅಯ್ಯೋ ಜಲಜಕ್ಕ, ಸರ್ಕಾರದ ಆಸ್ತಿ ಅದು. ರದ್ದಿಗೆ ಹಾಕ್ಬಹುದು, ಹಂಗೆಲ್ಲ ಜನಕ್ಕೆ ಹಂಚಕ್ಕಾಗಲ್ಲ. ಪಾಯಸ ಹಾಕಿಸ್ಕೊಂಡ್ರಾ?"

ತೀರ್ಥಹಳ್ಳಿಯಿಂದ ಬಂದ ಗಾಡಿಗೆ ಚೀಲಗಳನ್ನು ಎತ್ತಿ ಒಗೆದರು. ಒಂದರ ಬಾಯಿ ಬಿಚ್ಚಿ ಒಂದಷ್ಟು ಪುಸ್ತಕ ಮಣ್ಣಿಗೆ ಬಿದ್ದವು. ಡ್ರೈವರ್ ಕಾಲಿನಿಂದ ಒಟ್ಟುಮಾಡಿ ತುಂಬಿಕೊಂಡ. ನಾನು ನೋಡುತ್ತಾ ನಿಂತಿದ್ದೆ. ವಿನಯಾ ಒಳಗಿದ್ದಳು, ಹೊರಗೆ ಬರಲಿಲ್ಲ.

ಮತ್ತೆ ಆ ಕಡೆ ಹೋಗಲಿಲ್ಲ. ಸ್ವಲ್ಪ ದಿನ ಕಳೆದ ಮೇಲೆ ವಿನಯಾ ಮನೆಗೆ ಬಂದು ಜಗಲಿಯ ತುದಿಯಲ್ಲಿ ಕೂತಳು.

"ಸಿಟ್ಟಾ ದೊಡ್ಡಮ್ಮ?"

"ಎಂತ ಸಿಟ್ಟು ಮಾರಾಯ್ತಿ. ಕೆಲಸ ಉಳೀತಲ್ಲ."

ಅವಳು ಚಹಾ ಕುಡಿಯದೆ ಲೋಟ ಹಿಡಿದುಕೊಂಡೇ ಇದ್ದಳು. "ಯಾರೂ ಬರ್ತಾ ಇಲ್ಲ. ದಿನಾ ಜನ ಕೂತಿದ್ದ ಫೋಟೊ ಮೇಲಕ್ಕೆ ಕಳಿಸ್ಬೇಕಂತೆ. ಇಲ್ದಿದ್ರೆ ಮುಚ್ತಾರಂತೆ. ನೀವು ಬಂದು ಸುಮ್ನೆ ಕೂತಿದ್ರೂ ಸಾಕು."

ಈಗ ದಿನಾ ಮಧ್ಯಾಹ್ನ ಹೋಗುತ್ತೇನೆ. ಕಂಪ್ಯೂಟರಿನ ಎದುರು ಕುರ್ಚಿ ಹಾಕಿ ಕೂರಿಸುತ್ತಾಳೆ. "ಸ್ವಲ್ಪ ಬಗ್ಗಿ ದೊಡ್ಡಮ್ಮ, ಓದೋ ಥರ" ಎನ್ನುತ್ತಾಳೆ. ಬಗ್ಗುತ್ತೇನೆ. ಹೆಚ್ಚಿನ ದಿನ ಕರೆಂಟು ಇರುವುದಿಲ್ಲ. ಫೋಟೊದಲ್ಲಿ ಅದು ಗೊತ್ತಾಗುವುದಿಲ್ಲವಂತೆ.