ದುಂ ಮಾಮನಿಗೆ ಸಿಕ್ಕಿದ ನಾದ

"ಮೇಡಂ, ಈ ಗಾಡೀಲಿ ಒಬ್ರು ಮಲಗೋಕಷ್ಟೇ ಜಾಗ ಇರೋದು," ಎಂದು ಶವದ ವ್ಯಾನಿನ ಚಾಲಕ ಬಾಗಿಲಿಗೆ ಅಡ್ಡ ನಿಂತ. ಮಗಳು ಕೇಳಲಿಲ್ಲ. ಅವನ ಕಂಕುಳ ಕೆಳಗಿಂದಲೇ ನುಸುಳಿ, ಅಪ್ಪನ ಪೆಟ್ಟಿಗೆಯ ಪಕ್ಕಕ್ಕೆ ಬೇಸ್ ಗಿಟಾರನ್ನು ಓರೆಯಾಗಿ ಮಲಗಿಸಿದಳು. ಅದರ ಕುತ್ತಿಗೆ ಎಲ್ಲೂ ತಗಲದಂತೆ ತನ್ನ ಶಾಲು ಸುತ್ತಿದಳು. "ಈಗ ಇಬ್ರಾದ್ರು. ಹೊರಡಿ," ಎಂದಳು.

ಮುಂದಿನ ಸೀಟಿನಲ್ಲಿ ಕೂತಿದ್ದ ತಾಯಿ ಇದನ್ನೆಲ್ಲ ಕನ್ನಡಿಯಲ್ಲಿ ನೋಡಿದಳು. ಗಿಟಾರು ಫಳಫಳ ಹೊಳೆಯುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಅದು ಹೀಗೆ ಹೊಳೆದದ್ದನ್ನು ಆಕೆ ಕಂಡಿರಲಿಲ್ಲ. ಮನುಷ್ಯ ಸತ್ತ ಮೇಲೆ ಅವನ ಸಾಮಾನಿಗೆಲ್ಲ ಮರ್ಯಾದೆ ಬರುತ್ತದೆ.

ಸತ್ತವನು ಹಗಲು ಫ್ರಿಜ್ ರಿಪೇರಿ ಮಾಡುತ್ತಿದ್ದ, ರಜಾದಿನಗಳಲ್ಲಿ ಒಂದು ವಾದ್ಯವೃಂದದಲ್ಲಿ ಬೇಸ್ ನುಡಿಸುತ್ತಿದ್ದ. ಬೀದಿಯ ಮಕ್ಕಳು ಅವನಿಗೆ ಇಟ್ಟ ಹೆಸರು ದುಂ ಮಾಮ. ಗೋಡೆಯಾಚೆಯಿಂದ ಅವರಿಗೆ ಕೇಳಿಸುತ್ತಿದ್ದುದು ಅಷ್ಟೇ. ಒಂದೇ ಸ್ವರ, ಮತ್ತೆ ಅದೇ ಸ್ವರ. ಅವನಿಗೆ ಬೇಕಾದ ನಾದ ಮನಸ್ಸಿನಲ್ಲಿತ್ತು, ಕೈಗೆ ಬರುತ್ತಿರಲಿಲ್ಲ. ದಪ್ಪ ತಂತಿ ಹಾಕಿ ನೋಡಿದ, ಸಣ್ಣದು ಹಾಕಿ ನೋಡಿದ, ಹೆಬ್ಬೆರಳಲ್ಲಿ ಮೀಟಿದ, ಉಗುರಲ್ಲಿ ಮೀಟಿದ. ದನಿ ದೊಡ್ಡದು ಮಾಡುವ ಆಂಪಿನ ಡಬ್ಬವನ್ನು ಒಂದು ಮೂಲೆಯಿಂದ ಇನ್ನೊಂದಕ್ಕೆ ಎಳೆದಾಡಿದ. ಪಾತ್ರೆಗಳು ಅದುರುತ್ತವೆಂದು ಹೆಂಡತಿಯ ಅಡುಗೆಮನೆಯ ಕಪಾಟನ್ನೇ ಖಾಲಿ ಮಾಡಿಸಿದ್ದ.

"ಅದೇನ್ರೀ ಅಂಥ ನಾದ?" ಎಂದು ಆಕೆ ಒಮ್ಮೆ ಕೇಳಿದ್ದಳು.

"ಫ್ರಿಜ್ ಆಫ್ ಆದಾಗ ಮನೆಯೆಲ್ಲ ಒಂದ್ಸಲ ಬಿಕೋ ಅನ್ನುತ್ತಲ್ಲ? ಅಲ್ಲೀವರೆಗೂ ಅದು ಓಡ್ತಾ ಇತ್ತು ಅಂತ್ಲೇ ಗೊತ್ತಿರಲ್ಲ. ಹಾಗಿರಬೇಕು. ಇದ್ದಾಗ ಯಾರೂ ಗಮನಿಸಬಾರದು, ನಿಂತ್ರೆ ಎಲ್ಲರಿಗೂ ಗೊತ್ತಾಗಬೇಕು."

"ಹಾಗಾದ್ರೆ ನಿಲ್ಲಿಸಿ ನೋಡಿ. ನನಗಂತೂ ಗೊತ್ತಾಗುತ್ತೆ."

ಆಗ ಇಬ್ಬರೂ ನಕ್ಕಿದ್ದರು.

ಈಗ ಅದು ನಿಂತಿತ್ತು. ಆಕೆಗೆ ಇವತ್ತು ಬೇಕಾಗಿದ್ದುದು ಒಂದೇ. ಸಾಯುವ ಎರಡು ದಿನ ಮೊದಲು ಅವನಿಗೆ ಆ ನಾದ ಸಿಕ್ಕಿತ್ತು. ಪೆಟ್ಟಿಗೆ ಚಿತಾಗಾರದ ಒಳಗೆ ಹೋಗುವ ಮೊದಲು ಅದನ್ನು ಒಂದು ಸಲ ಕೇಳಬೇಕು. ಅದಕ್ಕೆಂದೇ ಅವನ ವೃಂದದಲ್ಲಿ ಡ್ರಮ್ ಬಾರಿಸುವ ಗೆಳೆಯನಿಗೆ ಹೇಳಿಟ್ಟಿದ್ದಳು. "ನನಗೂ ಬೇಸ್ ಸ್ವಲ್ಪ ಬರುತ್ತೆ ಅತ್ತಿಗೆ. ಗಿಟಾರು, ಆಂಪು ಎರಡೂ ತರಿಸಿ," ಎಂದಿದ್ದ ಅವನು. ಆಂಪು ಹಿಂದಿನ ಆಟೋದಲ್ಲಿ ಬರುತ್ತಿತ್ತು.

*

ಸಿಕ್ಕಿದ್ದು ಮಂಗಳವಾರ. ಆಕೆ ಸಿಂಕಿನ ಮುಂದೆ ನಿಂತು ಬಾಣಲೆ ಉಜ್ಜಲು ಹೊರಟರೆ ಹೊಸ ಸ್ಪಂಜು ಅರ್ಧವೇ ಇತ್ತು. ಗಂಡ ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದ.

"ರೀ, ಇನ್ನರ್ಧ ಏನ್ ತಿಂದ್ರಾ?"

ಒಳಕೋಣೆಯಿಂದ ದುಂ ಎಂದಿತು. ಆಮೇಲೆ ಅವನ ದನಿ. "ಬಾರೇ ಇಲ್ಲಿ! ಬಾ, ಕೇಳು! ಸಿಕ್ತು!"

ಸಿಕ್ತು ಎಂಬ ಮಾತು ಆ ಮನೆಯಲ್ಲಿ ಸವೆದುಹೋಗಿತ್ತು. ಬೆಳಿಗ್ಗೆ ಸಿಕ್ತು ಎಂದರೆ ಸಂಜೆಗೆ "ಇಲ್ಲ ಕಣೇ, ಇದಲ್ಲ" ಎನ್ನುತ್ತಿದ್ದ. ಹೊಸದರಲ್ಲಿ ಕೈ ಒದ್ದೆ ಇದ್ದರೂ ಓಡಿಹೋಗಿ ಕೇಳಿ, ಚೆನ್ನಾಗಿದೆ ಎಂದು ತಲೆಯಾಡಿಸುತ್ತಿದ್ದಳು. ಅವಳು ಚೆನ್ನಾಗಿದೆ ಎಂದದ್ದನ್ನೇ ಅವನು ಸಂಜೆ ತಿರಸ್ಕರಿಸುತ್ತಿದ್ದ. ಎಷ್ಟು ಸಲ ಅಂತ ಪೆದ್ದಿಯಾಗುವುದು?

"ನಿಮಗೆ ಸಿಗೋದು ಇದ್ದಿದ್ದೇ. ಹಾಲು ಒಲೆ ಮೇಲಿದೆ," ಎಂದಳು.

ಅವನು ಮತ್ತೆ ಕರೆಯಲಿಲ್ಲ. ಸಂಜೆ 'ಇದಲ್ಲ' ಎನ್ನಲೂ ಇಲ್ಲ. ಗಿಟಾರನ್ನು ಸ್ಟ್ಯಾಂಡಿಗೆ ಒರಗಿಸಿ, ಆಂಪಿನ ಗುಂಡಿಗಳನ್ನು ಮುಟ್ಟದೆ ಬಂದು ಅವಳ ಪಕ್ಕ ಕೂತು ಸೀಟಿ ಹೊಡೆಯುತ್ತ ಪೇಪರು ಓದಿದ. ಮರುದಿನವೂ 'ಇದಲ್ಲ' ಎನ್ನಲಿಲ್ಲ. ಹಾಗಾದರೆ ನಿಜವಾಗಿಯೂ ಸಿಕ್ಕಿರಬೇಕು ಎಂದು ಆಕೆಗೆ ಆಗಲೇ ಹೊಳೆದಿತ್ತು. ಎಲ್ಲಿ, ಕೇಳಿಸಿ ಎನ್ನಲು ಮಾತ್ರ ಬಾಯಿ ಬರಲಿಲ್ಲ. ಅವನೇ ಇನ್ನೊಂದು ಸಲ ಕರೆಯಲಿ ಎಂದು ಕಾದಳು. ಗುರುವಾರ ಅಂಗಡಿಯಲ್ಲಿ ಯಾರದೋ ಫ್ರಿಜ್ಜಿಗೆ ಬೆನ್ನು ಕೊಟ್ಟು ಕೂತವನು ಮೇಲೇಳಲಿಲ್ಲ.

*

ಚಿತಾಗಾರದ ಸಭಾಂಗಣದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಅರ್ಧ ತುಂಬಿದ್ದವು. ವೃಂದದ ಗಾಯಕ ತಡವಾಗಿ ಬಂದರೂ ಮೊದಲ ಸಾಲಿನಲ್ಲೇ ಕೂತ. ಕೂದಲಿಗೆ ಹೊಸದಾಗಿ ಬಣ್ಣ ಹಾಕಿಸಿದ್ದ.

"ಅವನು ನಮ್ಮ ಅಡಿಪಾಯ," ಎಂದು ಗಾಯಕ ಗದ್ಗದಿತನಾಗಿ ಮಾತು ಶುರು ಮಾಡಿದ. ಅಡಿಪಾಯದಿಂದ ತನ್ನ ಮೊದಲ ಕಚೇರಿಗೆ, ಅಲ್ಲಿಂದ ತನಗೆ ಸಿಕ್ಕ ಸನ್ಮಾನಗಳಿಗೆ ಹೋದ. ಕೊನೆಗೆ, "ನಾವಿಬ್ರೂ ಸೇರಿ ಮಾಡಿದ ಹಾಡು," ಎಂದು ಫೋನಿಗೆ ಅಂಗೈಯಗಲದ ಸ್ಪೀಕರು ಜೋಡಿಸಿ, ಊರಿಗೆಲ್ಲ ಗೊತ್ತಿದ್ದ ಆ ಹಾಡನ್ನು ಹಾಕಿದ.

ಗಾಯಕನ ದನಿ ಸ್ವಚ್ಛವಾಗಿ ಬಂತು. ತಾಳವೂ ಬಂತು, ಕೊಳಲೂ ಬಂತು. ಪಕ್ಕದ ಮನೆಯಾಕೆ ಕಿವಿಗೊಟ್ಟು ಕೇಳಿ, ಬಾಗಿ ಪಿಸುಗುಟ್ಟಿದಳು. "ಇದರಲ್ಲಿ ನಿಮ್ಮೆಜಮಾನ್ರು ಬಾರಿಸಿದ್ದು ಯಾವುದು?"

"ಕೇಳಿಸದೇ ಇರೋದೆಲ್ಲ ಅವರದೇ," ಎಂದಳು ಹೆಂಡತಿ.

*

ಆ ಹಾಡಿನ ರೆಕಾರ್ಡಿಂಗಿಗೆ ಆಕೆಯೂ ಹೋಗಿದ್ದಳು, ಕೈಗೂಸು ಮಗಳನ್ನು ಎತ್ತಿಕೊಂಡು. ಅವನು ಆಂಪನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿದ್ದ. ಮೇಲೆ ತಲುಪಿದಾಗ ಅಂಗಿ ಬೆನ್ನಿಗೆ ಅಂಟಿತ್ತು. ರೆಕಾರ್ಡಿಂಗ್ ಮಾಡುವವನು ತಲೆಯೆತ್ತದೆ, "ಆ ಡಬ್ಬ ಬೇಡ. ವೈರು ನೇರವಾಗಿ ಇಲ್ಲಿ ಚುಚ್ಚಿ," ಎಂದ.

"ಅದರಲ್ಲೇ ಸಾರ್ ನನ್ನ ನಾದ ಇರೋದು."

"ಹಾಡೋರ ದನಿಗೆ ಅಡ್ಡ ಬರುತ್ತೆ. ಹೇಗಿದ್ರೂ ಕಡಿಮೆ ಮಾಡ್ತೀನಿ. ನೀವು ಸುಮ್ನೆ ಬಾರಿಸಿ."

ಗಾಯಕ ಗಾಜಿನಾಚೆ ನಗುತ್ತಿದ್ದ. ದುಂ ಮಾಮ ಸುಮ್ಮನೆ ಬಾರಿಸಿದ. ಇಳಿಯುವಾಗ ಆಂಪು ಇನ್ನೂ ಭಾರವಾಗಿತ್ತು. "ಅವರಿಗೆ ನಾಲ್ಕು ಮಾತು ಅನ್ನಬಾರದಿತ್ತಾ?" ಎಂದು ಆಕೆ ದಾರಿಯುದ್ದಕ್ಕೂ ಗಂಡನನ್ನೇ ಬೈದಳು.

*

ಹಾಡು ಮುಗಿದು ಚಪ್ಪಾಳೆ ಬಿತ್ತು. ಡ್ರಮ್ಮಿನವನು ಎದ್ದು ಬೇಸ್ ಎತ್ತಿಕೊಂಡ. ಆಂಪಿನ ಮುಂದೆ ಬಗ್ಗಿದವನು ಅಲ್ಲೇ ನಿಂತ. ಗುಂಡಿಗಳೆಲ್ಲ ಒಂದೇ ಕಡೆ ತಿರುಗಿದ್ದವು. ಅಂದಾಜಿನ ಮೇಲೆ ಒಂದೆರಡು ತಿರುಗಿಸಿ ತಂತಿ ಮೀಟಿದ.

ಠಣ್ ಎಂದಿತು. ಸ್ಟೀಲು ತಟ್ಟೆ ಬಿದ್ದ ಹಾಗೆ.

ಅವನ ಮುಖ ಸಪ್ಪಗಾಯಿತು. ತಂತಿಯ ಮೇಲೆ ಬೆರಳಾಡಿಸಿ ಮಗಳ ಕಡೆ ತಿರುಗಿದ. "ಹೊಸ ತಂತಿ ಹಾಕಿದ್ಯೇನಮ್ಮಾ?"

"ಹೂಂ ಅಂಕಲ್." ಅತ್ತು ಕೆಂಪಾದ ಅವಳ ಮುಖ ಮೊದಲ ಬಾರಿ ಅರಳಿತು. "ನಿನ್ನೆ ವಾದ್ಯದ ಅಂಗಡೀಲಿ ಹಾಕಿಸ್ದೆ. ಹಳೇವು ಕಪ್ಪಗಾಗಿ ಜಿಡ್ಡು ಹಿಡಿದಿದ್ವು. ಪಾಪ, ಅಪ್ಪನಿಗೆ ಯಾರು ಮಾಡ್ಕೊಡ್ತಿದ್ರು? ತಂತಿ ಕೆಳಗೆ ಏನೋ ಕಸ ಸಿಕ್ಕೊಂಡಿತ್ತು, ಅದನ್ನೂ ತೆಗೆದೆ. ಆಂಪೆಲ್ಲ ಒರೆಸಿ ಗುಂಡಿಗಳನ್ನ ಸೊನ್ನೆಗೆ ತಂದಿಟ್ಟೆ. ಒಂದಿನ ಆದ್ರೂ ಅಪ್ಪನ ವಾದ್ಯ ನೀಟಾಗಿರಲಿ ಅಂತ."

ಅವನು ಬಾಯಿ ತೆರೆದ. ಅಷ್ಟರಲ್ಲಿ ಹೆಂಡತಿ ಎದ್ದು ಬಂದು ಅವನ ಮುಂಗೈ ಹಿಡಿದಳು. ಆಕೆಗೆ ಎಲ್ಲ ತಿಳಿದಿರಲಿಲ್ಲ, ಆದರೆ ಅವನ ಮುಖ ಓದಲು ಬರುತ್ತಿತ್ತು. "ಬಾರಿಸಿ," ಎಂದಳು.

ಅವನು ಬಾರಿಸಿದ. ಪ್ರತಿ ಸ್ವರವೂ ಹಿಂದಿನ ಸಾಲಿನ ತನಕ ಖಣಖಣ ಕೇಳಿಸಿತು. ಜನ ಮೆಚ್ಚಿ ತಲೆಯಾಡಿಸಿದರು. ಮಗಳು ತಾಯಿಯ ಭುಜಕ್ಕೆ ಒರಗಿ, "ಎಷ್ಟು ಚೆನ್ನಾಗಿ ಕೇಳಿಸ್ತಿದೆ ಅಲ್ವಾ ಅಮ್ಮಾ?" ಎಂದಳು.

"ಚೆನ್ನಾಗಿ ಕೇಳಿಸ್ತಿದೆ ಮಗಳೇ."

ಪೆಟ್ಟಿಗೆ ಒಳಗೆ ಹೋಯಿತು. ಕಬ್ಬಿಣದ ಬಾಗಿಲು ಮುಚ್ಚಿತು.

ಹೊರಗೆ, ಗಾಡಿಗಳ ಹತ್ತಿರ, ಆಕೆ ಡ್ರಮ್ಮಿನವನನ್ನು ಪಕ್ಕಕ್ಕೆ ಕರೆದಳು. "ಈಗ ಹೇಳಿ."

"ಏನ್ ಹೇಳ್ಲಿ ಅತ್ತಿಗೆ? ಮುಟ್ಟಬೇಡಿ ಅಂತ ನಾನು ಮೊದ್ಲೇ ಹೇಳ್ಬೇಕಿತ್ತು. ತಂತಿ ಹಳೇದಾಗಬೇಕು, ಕೈ ಬೆವರು ಕುಡಿದು ಕುಡಿದು ಅದರ ಹೊಳಪು ಸಾಯಬೇಕು. ಅವನು ಅದಕ್ಕೇ ಬದಲಾಯಿಸ್ತಾ ಇರ್ಲಿಲ್ಲ. ಮಂಗಳವಾರ ತಂತಿಗಳ ಬುಡದಲ್ಲಿ ಒಂದು ಸ್ಪಂಜು ತುಂಡು ಸಿಗಿಸಿದ್ನಂತೆ. ದನಿ ಉದ್ದಕ್ಕೆ ಎಳೀದೆ, ದುಂ ಅಂತ ಕೂತ್ಕೊಳ್ಳುತ್ತೆ. ಸಿಕ್ತು ಕಣೋ ಅಂತ ಫೋನ್ ಮಾಡಿ ಕೇಳಿಸ್ದ."

"ಹೇಗಿತ್ತು?"

"ಫೋನಲ್ಲಿ ಬೇಸ್ ಎಲ್ಲಿ ಕೇಳುತ್ತೆ ಅತ್ತಿಗೆ? ನನಗೆ ಕೇಳಿದ್ದು ಬರೀ ಅವನ ಉಸಿರು."

"ಹಳೇ ತಂತಿ?"

"ಅಂಗಡಿಯವರು ಬಿಚ್ಚೋವಾಗಲೇ ಕತ್ತರಿಸಿ ಎಸೀತಾರೆ."

ಆಕೆ ಗಾಡಿಯತ್ತ ನಡೆದಳು. ಕರೆದಾಗ ಹೋಗದವಳಿಗೆ ಈಗೇನು ಹಕ್ಕು ಎಂದು ತನ್ನ ಮೇಲೇ ಸಿಟ್ಟು ಬಂತು. ಅವನ ಮೇಲೂ ಬಂತು. ಇನ್ನೊಂದು ಸಲ ಕರೆದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಮನೆಯಲ್ಲಿ ಬಂದವರಿಗೆಲ್ಲ ಟೀ ಆಯಿತು. ಒಬ್ಬೊಬ್ಬರೇ ಹೊರಟರು. ಮಗಳು ತೋಳು ಮೇಲೇರಿಸಿ ಲೋಟ ತೊಳೆಯಲು ಸಿಂಕಿನ ಮುಂದೆ ನಿಂತಳು. ಖಾಲಿ ಲೋಟಗಳನ್ನು ತಂದಿಡಲು ಹೋದ ತಾಯಿ, ನಲ್ಲಿಯ ಪಕ್ಕ ಎರಡು ಅರ್ಧ ಸ್ಪಂಜುಗಳನ್ನು ಕಂಡಳು. ಒಂದು ಅವತ್ತಿನಿಂದ ಅಲ್ಲೇ ಇದ್ದದ್ದು.

"ಇದೆಲ್ಲಿತ್ತು?"

"ಅದೇ ಅಮ್ಮಾ, ಗಿಟಾರಿನ ತಂತಿ ಕೆಳಗೆ ಸಿಕ್ಕೊಂಡಿತ್ತು ಅಂದೆನಲ್ಲ. ಒಣಗಿ ಗಟ್ಟಿಯಾಗಿತ್ತು. ಹೊಸದೇ ಅಲ್ವಾ, ಯಾಕೆ ಎಸೀಬೇಕು ಅಂತ ಈಗ ನೆನೆಸ್ದೆ."

ಆಕೆ ಅದನ್ನು ಕೈಗೆತ್ತಿಕೊಂಡಳು. ಸೋಪಿನ ನೊರೆಯ ಕೆಳಗೆ, ಸಾಲಾಗಿ ನಾಲ್ಕು ತಂತಿಗಳ ಗೀರು. ನೀರು ಕುಡಿದು ಸ್ಪಂಜು ಉಬ್ಬುತ್ತಿತ್ತು. ಮೂರು ಗೀರು ಆಗಲೇ ತುಂಬಿಕೊಂಡಿದ್ದವು. ನಾಲ್ಕನೆಯದು, ದಪ್ಪ ತಂತಿಯದು, ಇನ್ನೂ ಸ್ವಲ್ಪ ಉಳಿದಿತ್ತು. ಆಕೆ ಅದರ ಮೇಲೆ ಬೆರಳಿಟ್ಟಳು.

"ಇಲ್ಲಿ ಕೊಡಮ್ಮಾ, ಇನ್ನೂ ಲೋಟ ಬಾಕಿ ಇವೆ," ಎಂದು ಮಗಳು ಒದ್ದೆ ಕೈ ಚಾಚಿದಳು.

ಆಕೆ ಕೊಟ್ಟಳು.