ಕೂತು ಕೇಳುತ್ತಿದ್ದ ಶಿವರುದ್ರಮ್ಮ

ಹೊನ್ನವಳ್ಳಿಯ ಶಿವರುದ್ರಮ್ಮನವರು ನಿಂತುಕೊಂಡು ಯಾರನ್ನೂ ಏನನ್ನೂ ಕೇಳಿದವರಲ್ಲ. ಸ್ಥೂಲಕಾಯ, ಮಂಡಿನೋವು, ತುಂಬಿದ ಗಾಡಿಯಂಥ ಮಂದಗಮನ; ಕೂತರೆ ಏಳುವುದೇ ಕಷ್ಟ. ಆದರೂ ಎದುರಾದವರ ಜಗಲಿಯ ಮೇಲೋ ಕಾಯಿರಾಶಿಯ ಪಕ್ಕದ ಕಲ್ಲಿನ ಮೇಲೋ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ ಮೇಲೆಯೇ ಬಾಯಿ ತೆರೆಯುತ್ತಿದ್ದರು. ‘ಊಟ ಆಯ್ತಾ’, ‘ಎಲ್ಲಾ ಚೆನ್ನಾಗಿದ್ದಾರಾ’ ಎಂಬ, ಉತ್ತರವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬರುವ ಪ್ರಶ್ನೆಗಳು ಅವರಿಗೆ ಒಗ್ಗುತ್ತಿರಲಿಲ್ಲ. ಕೊಬ್ಬರಿ ವ್ಯಾಪಾರದ ಪತಿ ಕರಿಬಸವಯ್ಯನವರು ತಿಪಟೂರಿನಿಂದ ದಣಿದು ಬಂದರೆ, “ಇವತ್ತು ಯಾರ ಮಾತಿಗೆ ನಗು ಬಂತು ನಿಮ್ಗೆ?” ಎಂದು ಕೇಳಿ ಸುಮ್ಮನಾಗುತ್ತಿದ್ದರು. “ಕೈಕಾಲು ತೊಳ್ಯಾಕಾದ್ರೂ ಬುಡೇ” ಎಂದು ರೇಗುತ್ತಿದ್ದ ಪತಿ, ತೊಳೆಯುತ್ತಲೇ ಹೇಳಲು ಶುರುಮಾಡುತ್ತಿದ್ದರು.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಬೇಸಿಗೆಯಲ್ಲಿ, ಅವರ ತೆಂಗಿನ ತೋಟದಲ್ಲಿ ಕಾಯಿ ಕೀಳುತ್ತಿದ್ದ ಲಕ್ಕಯ್ಯ ಮರದಿಂದ ಬಿದ್ದು ಸೊಂಟ ಮುರಿದುಕೊಂಡ. ಆಸ್ಪತ್ರೆಯಿಂದ ಮನೆಗೆ ಬಂದವನನ್ನು ನೋಡಲು ಹೋದವರೆಲ್ಲ ಹೆಂಗೆ ಬಿದ್ದೆ, ಯಾವ ಮರ, ಇನ್ನು ಯಾವಾಗ ಹತ್ತುತ್ತೀಯ ಎಂದೇ ಕೇಳಿದರು. ಹೇಳಿ ಹೇಳಿ ಸಾಕಾಗಿ ಅವನು ಗೋಡೆಯತ್ತ ತಿರುಗಿ ಮಲಗಿದ. ಮಾತು ಬಿಟ್ಟ, ಆಮೇಲೆ ಅನ್ನವನ್ನೂ ಬಿಟ್ಟ. ಹೆಂಡತಿ ಭೂತಮ್ಮ ಅಳುತ್ತ ಬಂದು ಹೇಳಿದಾಗ ಶಿವರುದ್ರಮ್ಮನವರು ಕೂಡಲೇ ಹೊರಟರು. ಬಿದ್ದದ್ದು ತಮ್ಮ ಮರದಿಂದ, ತಾವು ಏನು ಕೇಳಿದರೂ ಅವನಿಗೆ ನೋವೇ ಎಂಬ ಅಳುಕು. ದಾರಿಯುದ್ದಕ್ಕೂ ಒಂದೊಂದೇ ಪ್ರಶ್ನೆ ಮನಸ್ಸಿಗೆ ತಂದುಕೊಂಡು ಅಲ್ಲೇ ಬಿಟ್ಟರು.

ಚಾಪೆಯ ಪಕ್ಕ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, “ಲಕ್ಕಯ್ಯ, ಮರದ ತುದೀಲಿದ್ದಾಗ ಏನೇನ್ ಕಾಣ್ತಿತ್ತಪ್ಪ ನಿಂಗೆ? ನಾನೊಂದಿನಾನೂ ನೋಡ್ದೋಳಲ್ಲ” ಎಂದರು.

 

“ಕೆರೆ ಕಾಣ್ತಿತ್ತು ಕಣಮ್ಮ,” ಎಂದ ಲಕ್ಕಯ್ಯ ಗೋಡೆಯತ್ತಲೇ ನೋಡುತ್ತ. “ತಿಪಟೂರು ಬಸ್ಸು ಧೂಳೆಬ್ಬಿಸ್ಕಂಡು ಬರಾದು ಊರ್ನೋರಿಗಿಂತ ಮುಂಚೆ ನಂಗೇ ಗೊತ್ತಾಗದು. ಇವ್ಳು ಬುತ್ತಿ ಹೊತ್ಕಂಡು ಮನೆ ಬುಟ್ಟಾಗ್ಲಿಂದ ನೋಡ್ತಿದ್ದೆ.”

“ಒಂದಿನಾನೂ ಹೇಳ್ನಿಲ್ವಲ್ಲ!” ಎಂದಳು ಬಾಗಿಲಲ್ಲಿ ನಿಂತಿದ್ದ ಭೂತಮ್ಮ.

“ನೀನ್ಯಾವತ್ತು ಕೇಳ್ದೆ?” ಎನ್ನುತ್ತ ಅವನು ಇತ್ತ ತಿರುಗಿದ. ಸೂರು ನೋಡುತ್ತ, “ಇನ್ನು ಹತ್ತಾಕಾಗಲ್ಲ ಕಣಮ್ಮ” ಎಂದ. ಆ ಮಾತನ್ನು ಅದುವರೆಗೆ ಯಾರೆದುರೂ ಆಡಿರಲಿಲ್ಲ. ಶಿವರುದ್ರಮ್ಮನವರು ಸಮಾಧಾನ ಹೇಳಲು ಹೋಗದೆ “ಹೂಂ” ಎಂದರು. ಅಂದು ಅವನು ಅರ್ಧ ಮುದ್ದೆ ಉಂಡ.

ಸೊಂಟ ಪೂರ್ತಿ ನೆಟ್ಟಗಾಗಲೇ ಇಲ್ಲ. ಮರುವರ್ಷ ಲಕ್ಕಯ್ಯ ಶಿವರುದ್ರಮ್ಮನವರ ಮನೆಗೇ ಕೊಬ್ಬರಿಯ ಚಿಪ್ಪು ಬಿಡಿಸುವ ಕೆಲಸಕ್ಕೆ ಬಂದ. ಮರದ ತುದಿಯ ಸಂಗತಿಗಳನ್ನು ಜೊತೆಯವರು ಕೇಳದಿದ್ದರೂ ಹೇಳುತ್ತಿದ್ದ.

ಇಂಥವರನ್ನು ಊರು ಮಾತುಗಾರರೆಂದು ಕರೆಯುವುದಿಲ್ಲ. ಅವರು ಏನು ಹೇಳಿದರೆಂದು ಆಮೇಲೆ ಯಾರಿಗೂ ನೆನಪಾಗುವುದಿಲ್ಲ. ಅವರೆದುರು ತಾವೇನು ಹೇಳಿಕೊಂಡೆವೆಂಬುದು ಮಾತ್ರ ಬಹುಕಾಲ ನೆನಪಿರುತ್ತದೆ.